ಕಡಿದ ತಂತಿಯೂ ಕೂಗಬೇಕು

ಹೊರದೇಶಕ್ಕೆ ಬಂದು ಕಟ್ಟಡ ನಿರ್ವಹಣೆಯ ಕೆಲಸಕ್ಕೆ ಸೇರಿದ ಮೊದಲ ತಿಂಗಳಲ್ಲಿ ನನಗೆ ಒಪ್ಪಿಸಿದ ಕೆಲಸ ಮೇಲುನೋಟಕ್ಕೆ ಬಹಳ ಚಿಕ್ಕದಾಗಿತ್ತು. ಸರ್ವರ್ ಕೊಠಡಿಯ ಹವಾನಿಯಂತ್ರಣ (ಎಸಿ) ಯಂತ್ರದ ಅಲಾರಂ ರಿಲೇಯಿಂದ, ಅಂದರೆ ವಿದ್ಯುತ್ತಿನಿಂದ ಚಲಿಸುವ ಸ್ವಿಚ್‌ನಿಂದ, ಎರಡು ತಂತಿಗಳನ್ನು ಎಳೆದು ನೆಲಮಾಳಿಗೆಯ ಮಾನಿಟರಿಂಗ್ ಪ್ಯಾನೆಲ್‌ಗೆ ಜೋಡಿಸಬೇಕಿತ್ತು, ಅಷ್ಟೇ. ನಾಡಿನಲ್ಲಿ ಇದೇ ವೃತ್ತಿ ಕಲಿಯುತ್ತಿರುವವರಿಗೆ ನೆರವಾದೀತೆಂದು ಅಂದು ನಾನು ಮಾಡಿದ ತಪ್ಪನ್ನು ಇಲ್ಲಿ ಬರೆಯುತ್ತಿದ್ದೇನೆ.

ರಿಲೇಗೆ ಕಾಮನ್, ಎನ್‌ಒ (ನಾರ್ಮಲಿ ಓಪನ್, ಸಹಜವಾಗಿ ತೆರೆದಿರುವುದು), ಎನ್‌ಸಿ (ನಾರ್ಮಲಿ ಕ್ಲೋಸ್ಡ್, ಸಹಜವಾಗಿ ಮುಚ್ಚಿರುವುದು) ಎಂಬ ಮೂರು ಟರ್ಮಿನಲ್‌ಗಳಿದ್ದವು. ಮುಚ್ಚಿದ್ದರೆ ವಿದ್ಯುತ್ ಹರಿಯುತ್ತದೆ, ತೆರೆದಿದ್ದರೆ ಇಲ್ಲ; ಪ್ಯಾನೆಲ್ ಮುಚ್ಚಿದ್ದನ್ನು ಸುಸ್ಥಿತಿ, ತೆರೆದದ್ದನ್ನು ಅಲಾರಂ ಎಂದು ಓದುತ್ತಿತ್ತು. ಯಂತ್ರ ಸರಿಯಾಗಿರುವಾಗ ಎನ್‌ಸಿ ಮುಚ್ಚಿರುತ್ತದೆ ಎಂದು ಭಾವಿಸಿ ನಾನು ಕಾಮನ್ ಮತ್ತು ಎನ್‌ಸಿಗೆ ತಂತಿ ಕೊಟ್ಟೆ. ಯಂತ್ರ ಚಾಲೂ ಆದೊಡನೆ ಪ್ಯಾನೆಲ್‌ನಲ್ಲಿ ಕೆಂಪು ದೀಪ ಹೊತ್ತಿತು. ಆ ಹೆಸರುಗಳು ಹೇಳುವುದು ರಿಲೇಯ ಕಾಯಿಲ್‌ಗೆ (ಸ್ವಿಚ್ ಅನ್ನು ಚಲಿಸುವ ತಂತಿಸುರುಳಿಗೆ) ವಿದ್ಯುತ್ ಇಲ್ಲದಾಗಿನ ಸ್ಥಿತಿಯನ್ನೇ ಹೊರತು ಯಂತ್ರದ ಆರೋಗ್ಯವನ್ನಲ್ಲ. ವಿದ್ಯುತ್ ಹೋದದ್ದೂ ಅಲಾರಂ ಆಗಿ ತಿಳಿಯಲೆಂದು ಅನೇಕ ಯಂತ್ರಗಳು ಸುಸ್ಥಿತಿಯಲ್ಲಿರುವಷ್ಟು ಹೊತ್ತೂ ಕಾಯಿಲ್‌ಗೆ ವಿದ್ಯುತ್ ಕೊಟ್ಟು, ದೋಷ ಬಂದಾಗ ಅದನ್ನು ಕಡಿತಗೊಳಿಸುತ್ತವೆ. ಹಾಗಾಗಿ ಅವುಗಳಲ್ಲಿ ಎಲ್ಲವೂ ಸರಿಯಿರುವಾಗ ಎನ್‌ಸಿ ತೆರೆದೇ ಇರುತ್ತದೆ. ಇದನ್ನರಿಯದ ನಾನು ತೆರೆದದ್ದನ್ನು ಸುಸ್ಥಿತಿ, ಮುಚ್ಚಿದ್ದನ್ನು ಅಲಾರಂ ಎಂದು ಓದುವಂತೆ ಪ್ಯಾನೆಲ್‌ನ ಸೆಟ್ಟಿಂಗ್ ಅನ್ನೇ ತಿರುವುಮುರುವು ಮಾಡಿದೆ. ದೀಪ ಆರಿತು, ಕೆಲಸ ಮುಗಿಯಿತೆಂದುಕೊಂಡೆ.

ಪರಿಶೀಲನೆಗೆ ಬಂದ ಹಿರಿಯ ತಂತ್ರಜ್ಞರು ಮೊದಲು ಯಂತ್ರದ ವಿದ್ಯುತ್ ನಿಲ್ಲಿಸಿದರು, ಅಲಾರಂ ಬಂದಿತು. ಯಂತ್ರವನ್ನು ಮತ್ತೆ ಚಾಲೂ ಮಾಡಿ, ಟರ್ಮಿನಲ್‌ನಿಂದ ಒಂದು ತಂತಿಯನ್ನು ಬಿಚ್ಚಿದರು; ಪ್ಯಾನೆಲ್ ಸುಮ್ಮನಿತ್ತು. “ಈ ತಂತಿಯನ್ನು ಇಲಿ ಕಡಿದರೆ ನಮಗೆ ಯಾರು ಹೇಳುತ್ತಾರೆ?” ಎಂದು ಅವರು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ತಂತಿಯನ್ನು ಎನ್‌ಒಗೆ ಬದಲಾಯಿಸಿ ಸೆಟ್ಟಿಂಗ್ ಅನ್ನು ಮೊದಲಿನಂತೆ ಮಾಡಿದ ಮೇಲೆ, ಯಂತ್ರದ ದೋಷ, ವಿದ್ಯುತ್ ನಿಲುಗಡೆ, ಕಡಿದ ತಂತಿ ಈ ಮೂರೂ ಮುಚ್ಚಿದ ಸರ್ಕಿಟ್ ಅನ್ನು ತೆರೆಯುವಂತಾಯಿತು.

ಆದರೂ ಎರಡು ತಂತಿಗಳು ದಾರಿಯಲ್ಲಿ ಒಂದಕ್ಕೊಂದು ತಗುಲಿದರೆ ಪ್ಯಾನೆಲ್ ಅದನ್ನು ಸುಸ್ಥಿತಿಯೆಂದೇ ಓದುತ್ತದೆ. ಅದಕ್ಕಾಗಿ ಒಂದು ರೆಸಿಸ್ಟರ್ (ವಿದ್ಯುತ್ತಿಗೆ ತಡೆಯೊಡ್ಡುವ ಬಿಡಿಭಾಗ) ಅನ್ನು ತಂತಿಯ ಸರಣಿಯಲ್ಲಿ, ಇನ್ನೊಂದನ್ನು ರಿಲೇಯ ಕಾಂಟ್ಯಾಕ್ಟ್‌ಗೆ (ತೆರೆದು ಮುಚ್ಚುವ ಭಾಗಕ್ಕೆ) ಸಮಾಂತರವಾಗಿ ಹಾಕಿದೆವು. ಎರಡೂ 1 ಕಿಲೋ ಓಮ್ ಇದ್ದರೆ ಸುಸ್ಥಿತಿಯಲ್ಲಿ 1 ಕಿಲೋ ಓಮ್, ಅಲಾರಂನಲ್ಲಿ 2 ಕಿಲೋ ಓಮ್, ತಂತಿಗಳು ತಗುಲಿದಾಗ ಸುಮಾರು ಸೊನ್ನೆ, ಕಡಿದಾಗ ಅಳತೆಗೆ ಸಿಗದಷ್ಟು ರೋಧ ಕಾಣುತ್ತದೆ. ಬೇಕಾದ ಮೌಲ್ಯವನ್ನು ಪ್ಯಾನೆಲ್‌ನ ಕೈಪಿಡಿ ನೋಡಿಯೇ ಆರಿಸಬೇಕು. ಇವನ್ನು ಯಂತ್ರದ ತುದಿಯಲ್ಲೇ ಕೂರಿಸಬೇಕು. ಕೆಲಸ ಸುಲಭವೆಂದು ಪ್ಯಾನೆಲ್‌ನೊಳಗೆ ಕೂರಿಸಿದರೆ ನಡುವಿನ ಇಡೀ ತಂತಿ ಕಾವಲಿಲ್ಲದೆ ಉಳಿಯುತ್ತದೆ. ಇಂಥ ಕೆಲಸವನ್ನು ನಾನು ಹಲವೆಡೆ ಕಂಡಿದ್ದೇನೆ, ಕಂಡಾಗಲೆಲ್ಲ ಕಳವಳವಾಗುತ್ತದೆ.

ಜೋಡಿಸುವ ಮುನ್ನ ಯಂತ್ರದ ಟರ್ಮಿನಲ್‌ಗಳಲ್ಲಿ ಹೊರಗಿನ ವೋಲ್ಟೇಜ್ ಇಲ್ಲವೆಂದು ಮಲ್ಟಿಮೀಟರ್‌ನಿಂದ ಎಸಿ (ಪರ್ಯಾಯ ವಿದ್ಯುತ್), ಡಿಸಿ (ನೇರ ವಿದ್ಯುತ್) ಎರಡರಲ್ಲೂ ಅಳೆದು ನೋಡಿ. ಇಂಥ ಪ್ಯಾನೆಲ್‌ಗಳು ಸಾಮಾನ್ಯವಾಗಿ ತಮ್ಮದೇ 24 ವೋಲ್ಟ್ ಡಿಸಿಯಂಥ ಕಡಿಮೆ ವೋಲ್ಟೇಜ್ ಅನ್ನು ಕಳುಹಿಸುತ್ತವೆ. ಅಲ್ಲಿಗೆ 230 ವೋಲ್ಟ್ ಬಂದರೆ ಇನ್‌ಪುಟ್ ಸುಟ್ಟುಹೋಗುತ್ತದೆ. ಯಂತ್ರದ ಟರ್ಮಿನಲ್‌ಗಳಲ್ಲಿ ಹೊರಗಿನ ವೋಲ್ಟೇಜ್ ಕಂಡ ಕಡೆ ನಡುವೆ ಇನ್ನೊಂದು ರಿಲೇ ಹಾಕಿ ಬೇರ್ಪಡಿಸಬೇಕು.

ಕೊನೆಗೆ, ಟರ್ಮಿನಲ್‌ಗಳಿಗೆ ತುಂಡು ತಂತಿ ಚುಚ್ಚಿ ನೋಡುವುದನ್ನು ಪರೀಕ್ಷೆಯೆಂದು ನಾನೀಗ ಒಪ್ಪುವುದಿಲ್ಲ. ಅಂದು ನಾವು ಎಸಿ ಯಂತ್ರದ ಅಧಿಕ ಉಷ್ಣತೆಯ ಅಲಾರಂ ಮಿತಿಯನ್ನು ಕೊಠಡಿಯ ಉಷ್ಣತೆಗಿಂತ ಕೆಳಗಿಳಿಸಿ, ಪ್ಯಾನೆಲ್‌ನಲ್ಲಿ ಅದೇ ಯಂತ್ರದ ಹೆಸರು ಮೂಡಿದ್ದನ್ನು ಕಂಡ ಬಳಿಕವೇ ಮಿತಿಯನ್ನು ಮೊದಲಿನ ಅಂಕಿಗೆ ತಂದು ಬಾಗಿಲು ಮುಚ್ಚಿದೆವು.