ಮಗನ್ನ ಯಾಕೆ ಕಮ್ಯುನಿಟಿ ಕಾಲೇಜಿಗೆ ಹಾಕಿದ್ರಿ?

ಕ್ಯಾಲಿಫೋರ್ನಿಯಾದ ನಮ್ಮ ಕನ್ನಡದವರು ಇದನ್ನು ಯುಗಾದಿ ಊಟದ ಸಾಲಿನಲ್ಲಿ ಕೇಳಿದ್ದಾರೆ. ಅಂಗಡಿಯಲ್ಲಿ ಕೊತ್ತಂಬರಿ ಸೊಪ್ಪು ಆರಿಸುವಾಗಲೂ ಕೇಳಿದ್ದಾರೆ. "ಮಗನ್ನ ಡಿ ಆಂಜಾ ಕಾಲೇಜಿಗೆ ಹಾಕಿದ್ದೀರಂತೆ? ಮಾರ್ಕ್ಸ್ ಕಡಿಮೆ ಬಂತಾ?" ದನಿ ತಗ್ಗಿಸಿ ಕೇಳುತ್ತಾರೆ, ಮನೆಯಲ್ಲಿ ಯಾರಿಗೋ ಹುಷಾರಿಲ್ಲವೇನೋ ಅನ್ನುವ ಹಾಗೆ.

ಹಾಸನದಿಂದ ಅಪ್ಪ ಫೋನಿನಲ್ಲಿ ಕೇಳಿದ್ದೇ ಬೇರೆ. "ಜೂನಿಯರ್ ಕಾಲೇಜು ಅಂದ್ರೆ ಪಿಯುಸಿ ಅಲ್ವೇನಮ್ಮಾ? ಅವನದು ಹನ್ನೆರಡನೇ ಕ್ಲಾಸು ಮುಗೀತಲ್ಲ?" ಅಪ್ಪನದು ತಪ್ಪಲ್ಲ. ಇಲ್ಲೂ ಹಿಂದೆ ಕಮ್ಯುನಿಟಿ ಕಾಲೇಜುಗಳನ್ನು ಜೂನಿಯರ್ ಕಾಲೇಜು ಅಂತಲೇ ಕರೆಯುತ್ತಿದ್ದರು. ಆದರೆ ಇಲ್ಲಿ ಓದುವುದು ನಾಲ್ಕು ವರ್ಷದ ಡಿಗ್ರಿಯ ಮೊದಲ ಎರಡು ವರ್ಷದ್ದು. ಆಮೇಲೆ ಯೂನಿವರ್ಸಿಟಿಯಲ್ಲಿ ಸೀದಾ ಮೂರನೇ ವರ್ಷಕ್ಕೆ ಸೇರಬಹುದು. 1984ರಲ್ಲಿ ಸ್ಟೀವ್ ಜಾಬ್ಸ್ ಮೊದಲ ಮ್ಯಾಕಿಂಟಾಷ್ ಕಂಪ್ಯೂಟರ್ ತೋರಿಸಿದ್ದು ಇದೇ ಕಾಲೇಜಿನ ಸಭಾಂಗಣದಲ್ಲಿ ಅಂದೆ. ಅಪ್ಪ ಬೀದಿಗೆಲ್ಲಾ ಹೇಳಿದ್ದು ಅದೊಂದನ್ನೇ.

ಇನ್ನು ಮಾರ್ಕ್ಸ್ ವಿಷಯ. ಈ ಕಾಲೇಜು ಮಾರ್ಕ್ಸ್ ಕೇಳುವುದೇ ಇಲ್ಲ. ಕ್ಯಾಲಿಫೋರ್ನಿಯಾ ಸರ್ಕಾರ 1960ರಲ್ಲೇ ಹೀಗೆ ಲೆಕ್ಕ ಹಾಕಿತ್ತು: ಹೈಸ್ಕೂಲು ಮುಗಿಸಿದವರಲ್ಲಿ ಓದಿನಲ್ಲಿ ಮುಂದಿರುವ ಎಂಟನೇ ಒಂದು ಭಾಗದ ಮಕ್ಕಳಿಗೆ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ, ಮುಂದಿರುವ ಮೂರನೇ ಒಂದು ಭಾಗಕ್ಕೆ ಸ್ಟೇಟ್ ಯೂನಿವರ್ಸಿಟಿ, ಬಾಗಿಲು ತಟ್ಟಿದವರಿಗೆಲ್ಲಾ ಕಮ್ಯುನಿಟಿ ಕಾಲೇಜು. ಈಗ ಇಂಥ 116 ಕಾಲೇಜುಗಳಿವೆ. ವರ್ಷಕ್ಕೆ 20 ಲಕ್ಷದಷ್ಟು ಜನ ಓದುತ್ತಾರೆ. ಕೋವಿಡ್ ಕಾಲದಲ್ಲಿ ತುಂಬಾ ಜನ ಬಿಟ್ಟುಹೋದರು, ನಿಧಾನವಾಗಿ ಮತ್ತೆ ಬಂದರು. ನಮ್ಮ ತಲೆಯಲ್ಲಿ ಸಿಇಟಿ ರ‍್ಯಾಂಕು ಭದ್ರವಾಗಿ ಕೂತಿದೆ. ಯಾರಿಗೂ ಇಲ್ಲ ಅನ್ನದ ಕಾಲೇಜು ಅಂದ ಕೂಡಲೇ ಏನೋ ಕೊರತೆ ಇರಬೇಕು ಅನ್ನಿಸುತ್ತದೆ.

ನನ್ನ ಮಗನಿಗೆ ಬಯಾಲಜಿ ಓದಬೇಕೋ ಎಕನಾಮಿಕ್ಸೋ ಗೊತ್ತಿರಲಿಲ್ಲ. ಅವನ ಹಿಂದೆ ಓದಿಸಬೇಕಾದ ಮಗಳೂ ಒಬ್ಬಳಿದ್ದಾಳೆ. ಇಷ್ಟೇ ಕಾರಣ.

ದುಡ್ಡಿನ ಲೆಕ್ಕ ಕೇಳಿ. ರಾಜ್ಯದ ನಿವಾಸಿಗಳಿಗೆ ಸೆಮಿಸ್ಟರ್ ಕಾಲೇಜಿನಲ್ಲಿ ಯೂನಿಟ್‌ಗೆ (ಪ್ರತಿ ವಿಷಯಕ್ಕೂ ಇಷ್ಟಿಷ್ಟು ಅಂತ ಇರುವ ಓದಿನ ಲೆಕ್ಕ) 46 ಡಾಲರ್. 2012ರಿಂದ ಅಷ್ಟೇ ಇದೆ. ಡಿ ಆಂಜಾದಲ್ಲಿ ವರ್ಷವನ್ನು ಸೆಮಿಸ್ಟರ್‌ಗಿಂತ ಚಿಕ್ಕ ಕ್ವಾರ್ಟರ್‌ಗಳಾಗಿ ಭಾಗ ಮಾಡಿದ್ದಾರೆ, ಯೂನಿಟ್‌ಗೆ 31. ಯೂನಿವರ್ಸಿಟಿಗೆ ದಾಟಲು 90 ಯೂನಿಟ್ ಬೇಕು. ಅಂದರೆ ಎರಡು ವರ್ಷಕ್ಕೆ 2,790 ಡಾಲರ್. ಅದೇ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದಲ್ಲಿ ಒಂದೇ ವರ್ಷದ ಫೀಸು 14 ಸಾವಿರದ ಮೇಲೆ, ಹಾಸ್ಟೆಲ್ಲು ಊಟ ಬೇರೆ. ಆದಾಯ ಕಡಿಮೆ ಇದ್ದರೆ ಕಮ್ಯುನಿಟಿ ಕಾಲೇಜಿನ ಫೀಸು ಪೂರ್ತಿ ಮಾಫಿ. 1984ಕ್ಕೆ ಮುಂಚೆ ಯಾರೂ ಫೀಸು ಕಟ್ಟುತ್ತಲೇ ಇರಲಿಲ್ಲವಂತೆ! ಆದರೆ ಮಗ ಸೇರಿದಾಗ ಇಲ್ಲಿ ಹಾಸ್ಟೆಲ್ ಇರಲಿಲ್ಲ. ಕಾಲೇಜಿರುವ ಕುಪರ್ಟಿನೋದ ಬಾಡಿಗೆ ಕೊಡಬೇಕಾಗಿ ಬಂದರೆ ಈ ಲೆಕ್ಕವೆಲ್ಲಾ ತಲೆಕೆಳಗು. ಅದಕ್ಕೇ ಎಷ್ಟೋ ಮಕ್ಕಳು ಸ್ಯಾನ್ ಹೋಸೆಯ ಪೂರ್ವದ ಕಡೆಯಿಂದ 23ನೇ ನಂಬರ್ ಬಸ್ಸು ಹಿಡಿದು ಬರುತ್ತಾರೆ.

ಅಲ್ಲಿ ಎಂಥವರು ಓದುತ್ತಾರೆ ಅನ್ನುವುದು ನನಗೆ ಮಗನಿಗಿಂತ ಮೊದಲೇ ಗೊತ್ತಿತ್ತು. ಎಚ್-4 ವೀಸಾದಲ್ಲಿ, ಅಂದರೆ ಗಂಡನ ಕೆಲಸದ ವೀಸಾದ ಮೇಲೆ ಹೆಂಡತಿಗೆ ಸಿಗುವ ವೀಸಾದಲ್ಲಿ, ಕೆಲಸ ಮಾಡುವ ಹಾಗಿಲ್ಲದೆ ಮನೆಯಲ್ಲಿದ್ದಾಗ ನಾನೇ ಅಲ್ಲಿ ಸಂಜೆ ಅಕೌಂಟಿಂಗ್ ಕ್ಲಾಸಿಗೆ ಹೋಗಿದ್ದೆ. ಬಿ.ಕಾಂ. ಮಾಡಿದವಳು, ನನಗೇನು ಕಷ್ಟ ಅಂದುಕೊಂಡಿದ್ದೆ. ಪಕ್ಕದಲ್ಲಿ ಉಗುರಿಗೆ ಬಣ್ಣ ಹಚ್ಚುವ ಅಂಗಡಿ ನಡೆಸುತ್ತಿದ್ದ ವಿಯೆಟ್ನಾಮಿ ಹೆಂಗಸು. ನನಗಿಂತ ಹದಿನೈದು ವರ್ಷ ದೊಡ್ಡವರು. ಡೆಬಿಟ್ಟು ಕ್ರೆಡಿಟ್ಟು ನನಗೆ ಬಾಯಿಪಾಠ. ಸಾಲಕ್ಕೆ ಕೊಟ್ಟದ್ದು ವಾಪಸ್ ಬರದಿದ್ದರೆ ಏನಾಗುತ್ತದೆ ಅನ್ನುವುದು ಅವರಿಗೆ ಗೊತ್ತಿತ್ತು. ಹಿಂದಿನ ಬೆಂಚಿನ ಮೆಕ್ಸಿಕೋ ಮೂಲದ ಹುಡುಗ ಗೋಡೌನಿನ ಪಾಳಿ ಮುಗಿಸಿ ಅದೇ ಯೂನಿಫಾರ್ಮಿನಲ್ಲಿ ಬರುತ್ತಿದ್ದ. ಅವರ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲಿಗ. ಕಾಲೇಜಿನ ಪಟ್ಟಿಯಲ್ಲಿ ನಾನೂ ಆ ವಿಯೆಟ್ನಾಮಿ ಅಕ್ಕನೂ ಇಬ್ಬರೂ "ಏಷ್ಯನ್". ಹಾಸನಕ್ಕೂ ಹನೋಯ್‌ಗೂ ಒಂದೇ ಖಾನೆ! ಡಿ ಆಂಜಾದಲ್ಲಿ ಆ ಖಾನೆಯೇ ದೊಡ್ಡದು. ಇಡೀ ರಾಜ್ಯದ ಕಮ್ಯುನಿಟಿ ಕಾಲೇಜುಗಳಲ್ಲಿ ಲ್ಯಾಟಿನೋ ವಿದ್ಯಾರ್ಥಿಗಳೇ ಸುಮಾರು ಅರ್ಧ.

ಎಲ್ಲಾ ಚೆನ್ನಾಗಿದೆ ಅಂತಲ್ಲ. ಸೇರುವುದು ಸುಲಭ, ಮುಗಿಸುವುದು ಕಷ್ಟ. ಕೆಲಸ, ಮಕ್ಕಳು, ಬಸ್ಸು ಅಂತ ಎರಡು ವರ್ಷದ ಓದು ನಾಲ್ಕೈದು ವರ್ಷಕ್ಕೆ ಎಳೆಯುತ್ತದೆ. ಆ ಗೋಡೌನ್ ಹುಡುಗ ಎರಡನೇ ಪರೀಕ್ಷೆ ಆದಮೇಲೆ ಕಾಣಲೇ ಇಲ್ಲ. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದಲ್ಲಿ ಸೀಟು ಖಾತ್ರಿ ಕೊಡುವ ಒಪ್ಪಂದ ಇದೆ, ಆದರೆ ಅದು ಡೇವಿಸ್, ಅರ್ವೈನ್ ಥರದ ಆರು ಕ್ಯಾಂಪಸ್‌ಗಳಿಗೆ ಮಾತ್ರ. ಬರ್ಕ್ಲಿ ಅದರಲ್ಲಿಲ್ಲ. ನನ್ನ ಮಗ ಡೇವಿಸ್‌ಗೆ ಹೋದ. ಓದಿದ್ದು ಬಯಾಲಜಿಯೂ ಅಲ್ಲ, ಎಕನಾಮಿಕ್ಸೂ ಅಲ್ಲ, ಸ್ಟ್ಯಾಟಿಸ್ಟಿಕ್ಸ್.

ಹೊಸದಾಗಿ ಬಂದವರಿಗೆ ಒಂದು ಮಾತು. ಆ 31 ಡಾಲರ್ ನಿವಾಸಿಗಳಿಗೆ ಮಾತ್ರ, ಉಳಿದವರಿಗೆ ಅದರ ಎಷ್ಟೋ ಪಟ್ಟು. ಎಚ್-4ನಲ್ಲಿ ಇರುವವರೂ ನಿವಾಸಿ ಅನ್ನಿಸಿಕೊಳ್ಳಬಹುದು, ಆದರೆ ಕ್ಲಾಸು ಶುರುವಾಗುವ ಹೊತ್ತಿಗೆ ರಾಜ್ಯಕ್ಕೆ ಬಂದು ಒಂದು ವರ್ಷದ ಮೇಲೆ ಒಂದು ದಿನ ಆಗಿರಬೇಕು. ಬಾಡಿಗೆ ಕರಾರು, ಡ್ರೈವಿಂಗ್ ಲೈಸೆನ್ಸು, ಬ್ಯಾಂಕಿನ ಕಾಗದ ಎಲ್ಲಾ ಎತ್ತಿಡಿ. ನನಗೆ ಎಂಟು ದಿನ ಕಮ್ಮಿ ಬಿತ್ತು. ಒಂದು ಕ್ವಾರ್ಟರ್ ಸುಮ್ನೆ ಮನೆಯಲ್ಲಿ ಕೂತೆ.