ಬ್ಯಾಸಿಲ್ಡನ್ ಪಾರ್ಕ್ ಮಾಡೆಲ್: ಕಂಬ ನಿಂತವು, ಗೋಡೆ ಸೊಟ್ಟಗಾಯಿತು

ಬ್ಯಾಸಿಲ್ಡನ್ ಪಾರ್ಕ್ ಎಂಬ ಹಳೆಯ ಬಂಗಲೆಯ ಪುಟ್ಟ ಮಾಡೆಲ್ ಕಟ್ಟುತ್ತಿದ್ದೇನಲ್ಲ, ಅದರ ಅಪ್‌ಡೇಟ್ ಮೂರು ವಾರದಿಂದ ಹಾಕಿಲ್ಲ. ಮಳೆ ಕಾರಣ. ಫೋಮ್ ಬೋರ್ಡ್ (ಎರಡು ಕಾಗದದ ನಡುವೆ ಫೋಮ್ ಇರುವ ಹಲಗೆ) ತೇವ ಎಳೆದುಕೊಂಡು ಒಂದು ಗೋಡೆ ಹಪ್ಪಳದ ಥರ ಸುರುಟಿಕೊಂಡಿತ್ತು, ಇಸ್ತ್ರಿಪೆಟ್ಟಿಗೆಯಿಂದ ನೆಟ್ಟಗೆ ಮಾಡೋಣ ಅಂತ ಹೋಗಿ ಒಳಗಿನ ಫೋಮ್ ಕರಗಿಸಿಬಿಟ್ಟೆ. ಹೊಸದು ಕತ್ತರಿಸಿದ್ದಾಯಿತು. ಮುಂಭಾಗದ ನಾಲ್ಕು ಕಂಬ ಮಾತ್ರ ಪೇಪರ್ ಸ್ಟ್ರಾದಲ್ಲಿ ಚೆನ್ನಾಗಿ ಬಂದಿವೆ. ಮೂಲ ಮನೆಯ ಬಾತ್ ಕಲ್ಲಿನ (ಇಂಗ್ಲೆಂಡಿನ ಬಾತ್ ಊರಿನ ಕಡೆಯ ತಿಳಿ ಜೇನು ಬಣ್ಣದ ಕಲ್ಲು) ಬಣ್ಣ ಅಂತ ಕಲಸಿದ್ದು ಒಣಗಿದ ಮೇಲೆ ಹೋಳಿಗೆ ಬಣ್ಣಕ್ಕೆ ತಿರುಗಿತು, ಅದನ್ನು ಇನ್ನೊಮ್ಮೆ ಹೊಡೆಯಬೇಕು.

ಹೊಸಬರಿಗೆ ಸ್ವಲ್ಪ ಹಿನ್ನೆಲೆ. ಬ್ಯಾಸಿಲ್ಡನ್ ಪಾರ್ಕ್ ಇಂಗ್ಲೆಂಡಿನ ಬರ್ಕ್‌ಷೈರ್‌ನಲ್ಲಿ, ಥೇಮ್ಸ್ ಕಣಿವೆಯಲ್ಲಿರುವ ಬಂಗಲೆ. ಬಂಗಾಳದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಕೆಲಸದಲ್ಲಿದ್ದು ಚೆನ್ನಾಗಿ ದುಡ್ಡು ಬಾಚಿಕೊಂಡು ಹೋದ ಫ್ರಾನ್ಸಿಸ್ ಸೈಕ್ಸ್ 1771ರಲ್ಲಿ ಜಾಗ ಕೊಂಡ, 1776ರಲ್ಲಿ ವಾಸ್ತುಶಿಲ್ಪಿ ಜಾನ್ ಕಾರ್ ಕೈಲಿ ಕಟ್ಟಿಸಲು ಶುರು ಮಾಡಿದ. 1804ರಲ್ಲಿ ಸೈಕ್ಸ್ ಸಾಯುವಾಗಲೂ ಒಳಗಿನ ಕೆಲಸ ಪೂರ್ತಿ ಮುಗಿದಿರಲಿಲ್ಲ. ಮನೆ ಕಟ್ಟಿ ನೋಡು ಅಂತ ಸುಮ್ನೆ ಹೇಳ್ತಾರಾ? 1838ರಲ್ಲಿ ಬಟ್ಟೆ, ರಿಬ್ಬನ್ ವ್ಯಾಪಾರದಲ್ಲಿ ಮೇಲೆ ಬಂದ ಜೇಮ್ಸ್ ಮಾರಿಸನ್ ಕೊಂಡು ಕೆಲಸ ಮುಗಿಸಿದ.

ನನಗೆ ಇಷ್ಟವಾದದ್ದು ಆಮೇಲಿನ ಕಥೆ. ಮೊದಲ ಮಹಾಯುದ್ಧದಲ್ಲಿ ಅದು ಗಾಯಾಳುಗಳ ಆಸ್ಪತ್ರೆ. ನಂತರ ಕೊಂಡ ಫರ್ಡಿನಾಂಡೊ ಎಂಬಾತ ಇಡೀ ಮನೆಯನ್ನೇ ಬಿಚ್ಚಿ ಅಮೆರಿಕಕ್ಕೆ ಸಾಗಿಸಿ ಕಟ್ಟಿಕೊಡುತ್ತೇನೆ, ಹತ್ತು ಲಕ್ಷ ಡಾಲರ್ ಅಂದ. ಯಾರೂ ಕೊಳ್ಳಲಿಲ್ಲ. ಮನೆ ಉಳಿಯಿತು. ಆದರೆ ಒಳಗಿನ ಅಲಂಕಾರ ಕಿತ್ತು ಮಾರಿದ, ಒಂದಷ್ಟು ನ್ಯೂಯಾರ್ಕಿನ ವಾಲ್ಡಾರ್ಫ್ ಆಸ್ಟೋರಿಯಾ ಹೋಟೆಲ್ ಸೇರಿತು. ಎರಡನೇ ಯುದ್ಧದಲ್ಲಿ ಸೈನ್ಯ ಬಂತು, ಯುದ್ಧಕೈದಿಗಳೂ ಬಂದರು.

ನಾನು ಮಾಡುತ್ತಿರುವುದು ಐಲಿಫ್ ದಂಪತಿ 1952ರಲ್ಲಿ ಕೊಂಡಾಗಿನ ಹಾಳುಬಿದ್ದ ರೂಪ. ಒಎಚ್‌ಪಿ ಶೀಟಿನಲ್ಲಿ (ಪಾರದರ್ಶಕ ಪ್ಲಾಸ್ಟಿಕ್ ಹಾಳೆ) ಕಿಟಕಿ ಗಾಜು ಕೂರಿಸುವುದು ಸುಲಭ, ಒಡೆದ ಹಾಗೆ ಕಾಣಿಸುವುದೇ ಕಷ್ಟ! ಬ್ಲೇಡ್ ಮೊನೆಯಿಂದ ಎಳೆದರೆ ಜೇಡರ ಬಲೆ ಥರ ಕಾಣುತ್ತದೆ. ಸುಮ್ನೆ ಮೂಲೆ ಮುರಿದದ್ದೇ ಸರಿಹೋಯಿತು.

ಐಲಿಫ್ ದಂಪತಿ ಲಿಂಕನ್‌ಷೈರ್‌ನ ಪ್ಯಾಂಟನ್ ಹಾಲ್ ಎಂಬ ಇನ್ನೊಂದು ಬಂಗಲೆಯಿಂದ ಬಾಗಿಲುಗಳನ್ನು ತಂದರು. ಆ ಬಂಗಲೆಯಲ್ಲೂ ಜಾನ್ ಕಾರ್ ಕೈಕೆಲಸವಿತ್ತು, ಆತನ ಅಳತೆ ಎಷ್ಟು ಪಕ್ಕಾ ಅಂದರೆ ಬಾಗಿಲು ಇಲ್ಲಿ ಹಾಗೇ ಕೂತವಂತೆ. ನಾನೂ ನನ್ನ ಹಳೆಯ ಮಾಡೆಲ್‌ನ ಬಾಗಿಲು ಕಿತ್ತು ಹಚ್ಚಲು ನೋಡಿದೆ. ಎರಡು ಮಿಲಿಮೀಟರ್ ಜಾಸ್ತಿ.

1978ರಲ್ಲಿ ಅವರು ಮನೆಯನ್ನು ಹಳೆಯ ಕಟ್ಟಡಗಳನ್ನು ಕಾಪಾಡುವ ಬ್ರಿಟಿಷ್ ಸಂಸ್ಥೆ ನ್ಯಾಷನಲ್ ಟ್ರಸ್ಟ್‌ಗೆ ಕೊಟ್ಟರು. ಅಲ್ಲಿಯವರೆಗೆ ನನ್ನ ಮಾಡೆಲ್ ಹೋಗುವುದಿಲ್ಲ. ಮುಂದಿನ ವಾರ ಎಂಟು ಮೂಲೆಯ ಕೋಣೆ. ಮೂಲೆ ಕತ್ತರಿಸಲು ಗಟ್ಟಿ ಕಟರ್ ಯಾವುದು ಅಂತ ಗೊತ್ತಿದ್ದವರು ಹೇಳಿ, ನನ್ನದು ಮೊಂಡಾಗಿದೆ.