ಮಳೆಗಾಲದ ನೆಟ್‌ವರ್ಕ್‌ನಲ್ಲಿ ವಿಮ್ ಕಲಿತದ್ದು

ನಮ್ಮ ಆಫೀಸಿನ ಎಲ್ಲ ಸರ್ವರ್‌ಗಳಲ್ಲೂ ವಿಮ್ ಎಡಿಟರ್ ಇತ್ತು, ಮೌಸ್ ಇಲ್ಲದೆ ಕೀಬೋರ್ಡಿನಿಂದಲೇ ಫೈಲ್ ತಿದ್ದುವ ಪ್ರೋಗ್ರಾಂ. ನನಗೆ ಮಾತ್ರ ಅದರ ಅಗತ್ಯ ಬಿದ್ದಿರಲಿಲ್ಲ. ಬೆಂಗಳೂರಿನಲ್ಲಿದ್ದಾಗ ಫೈಲನ್ನು ಲ್ಯಾಪ್‌ಟಾಪಿಗೆ ಇಳಿಸಿಕೊಂಡು, ಮೌಸ್ ಹಿಡಿದು ತಿದ್ದಿ, ವಾಪಸ್ ಕಳಿಸಿದರೆ ಕೆಲಸ ಮುಗಿಯುತ್ತಿತ್ತು. ಆ ರೂಢಿ ತಪ್ಪಿದ್ದು ಒಂದು ಜುಲೈನಲ್ಲಿ, ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯಿಂದ ಕೆಲಸ ಮಾಡುತ್ತಿದ್ದಾಗ. ಜಡಿಮಳೆ. ಕರೆಂಟ್ ಹೋಗಿತ್ತು. ಫೋನಿನ ಹಾಟ್‌ಸ್ಪಾಟ್ ಒಂದೇ ಗತಿ, ಅದೂ ಮಹಡಿಯ ಕಿಟಕಿ ಪಕ್ಕ ಕೂತರೆ ಮಾತ್ರ.

ಮಧ್ಯಾಹ್ನದೊಳಗೆ ಸರ್ವರಿನ ಒಂದು ಕಾನ್ಫಿಗ್ ಫೈಲ್, ಅಂದರೆ ಸೆಟ್ಟಿಂಗ್‌ಗಳ ಫೈಲ್, ತಿದ್ದಲೇಬೇಕಿತ್ತು. ಸರ್ವರಿಗೆ ಟೈಪ್ ಮಾಡಿ ಆಜ್ಞೆ ಕೊಡುವ ಕಿಟಕಿ, ಟರ್ಮಿನಲ್, ಹೇಗೋ ಕನೆಕ್ಟ್ ಆಯಿತು. ಫೈಲನ್ನು ವಿಮ್‌ನಲ್ಲೇ ತೆರೆದೆ. ಆದರೆ ಒಂದು ಕೀ ಒತ್ತಿದರೆ ಅದು ಪರದೆ ಮೇಲೆ ಕಾಣಿಸೋಕೆ ಸೆಕೆಂಡುಗಟ್ಟಲೆ ಕಾಯಬೇಕು. ಬಾಣದ ಕೀ ಒತ್ತಿ ಹಿಡಿದರೆ ಕರ್ಸರ್ ಎಲ್ಲಿ ಹೋಗಿ ನಿಲ್ಲುತ್ತದೋ ಗೊತ್ತಾಗುತ್ತಿರಲಿಲ್ಲ. ಟೀಮಿನ ಹಿರಿಯರಿಗೆ ಫೋನ್ ಮಾಡಿದೆ.

"ಸರ್, ಬೇಕಾದ ಸಾಲಿಗೆ ಹೋಗೋಕೇ ಆಗ್ತಿಲ್ಲ."

"ಬಾಣದ ಕೀ ಬಿಟ್ಬಿಡಮ್ಮ. ಎಲ್ಲಿಗೆ ಹೋಗ್ಬೇಕು ಅಂತ ಹೇಳು, ಅದೇ ಹೋಗುತ್ತೆ."

ಅವರು ಹೇಳಿದ ಹಾಗೆ ಸ್ಲ್ಯಾಷ್ ಒತ್ತಿ, 'ಪೋರ್ಟ್' ಎಂದು ಇಂಗ್ಲಿಷಿನಲ್ಲಿ ಹೊಡೆದು, ಎಂಟರ್ ಕೊಟ್ಟೆ. ಕರ್ಸರ್ ನೇರವಾಗಿ ಆ ಸಾಲಿಗೆ ಹೋಗಿ ಕೂತಿತು. ಆಮೇಲೆ ಸಿ, ಐ, ಡಬಲ್ ಕೋಟ್. ಕೋಟ್ ಚಿಹ್ನೆಗಳ ನಡುವೆ ಇದ್ದ 8080 ಮಾಯವಾಯಿತು. ಹೊಸ ನಂಬರ್ ಹೊಡೆದು ಎಸ್ಕೇಪ್ ಒತ್ತಿದೆ. ಪರದೆ ಹಿಂದೆ ಬಿದ್ದರೂ ಪರವಾಗಿಲ್ಲ, ಒತ್ತಿದ ಕೀಗಳು ಒಂದರ ಹಿಂದೆ ಒಂದು ಹೋಗಿ ಮುಟ್ಟುತ್ತವೆ. ಏನು ಮಾಡಬೇಕು ಅನ್ನುವುದು ತಲೆಯಲ್ಲಿ ಸ್ಪಷ್ಟವಾಗಿದ್ದರೆ ಪರದೆಗಾಗಿ ಕಾಯುವ ಕೆಲಸವೇ ಇಲ್ಲ.

ಇದು ಯಾಕೆ ಹೀಗೆ ಅಂತ ಸಂಜೆ ಹುಡುಕಿ ಓದಿದೆ. ವಿಮ್‌ಗೆ ಮೂಲ ವಿಐ ಎನ್ನುವ ಎಡಿಟರ್. ಅದನ್ನು 1976ರಲ್ಲಿ ಬರೆದವರು ಬಿಲ್ ಜಾಯ್, ಆಗ ಅವರು ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿ. ಅವರ ಮನೆಯಲ್ಲಿದ್ದದ್ದು ಫೋನ್ ಲೈನಿನಲ್ಲಿ ಕೆಲಸ ಮಾಡುವ 300 ಬಾಡ್ ವೇಗದ ಮೋಡೆಮ್. ಅಂದರೆ ಸೆಕೆಂಡಿಗೆ ಸುಮಾರು 30 ಅಕ್ಷರ. 24 ಸಾಲು, ಸಾಲಿಗೆ 80 ಅಕ್ಷರದ ಒಂದು ಪರದೆ ತುಂಬಬೇಕಾದರೆ ಒಂದು ನಿಮಿಷಕ್ಕೂ ಜಾಸ್ತಿ. ಅಂಥ ಲೈನಿನಲ್ಲಿ ಕೂತವರು ಉದ್ದುದ್ದ ಆಜ್ಞೆ ಇಡುತ್ತಾರಾ? ಒಂದೊಂದು ಅಕ್ಷರದಲ್ಲೇ ಕೆಲಸ ಮುಗಿಸಿದರು. ಕರ್ಸರ್ ಓಡಿಸೋಕೆ ಎಚ್, ಜೆ, ಕೆ, ಎಲ್ ಇರುವುದೂ ಸುಮ್ನೆ ಅಲ್ಲ. ಆಗ ಟರ್ಮಿನಲ್ ಅಂದರೆ ಪರದೆ, ಕೀಬೋರ್ಡ್ ಸೇರಿದ ಒಂದು ಯಂತ್ರ; ಅವರು ಬಳಸುತ್ತಿದ್ದ ಎಡಿಎಂ-3ಎ ಟರ್ಮಿನಲ್‌ನಲ್ಲಿ ಆ ನಾಲ್ಕು ಕೀಗಳ ಮೇಲೇ ಬಾಣದ ಗುರುತು ಇತ್ತು. ಎಸ್ಕೇಪ್ ಕೀ ಇದ್ದದ್ದು ಈಗ ಟ್ಯಾಬ್ ಇರುವ ಜಾಗದಲ್ಲಿ, ಕಿರುಬೆರಳಿಗೆ ಸಿಗುವ ಹಾಗೆ. ನಮ್ಮೂರಿನ ಮಳೆಗಾಲದ ನೆಟ್‌ವರ್ಕ್‌ಗೆ ಈ ಎಡಿಟರ್ ಅಷ್ಟು ಚೆನ್ನಾಗಿ ಹೊಂದಿಕೊಂಡದ್ದರಲ್ಲಿ ಆಶ್ಚರ್ಯ ಇಲ್ಲ, ಅಲ್ವಾ?

ಆ ವಾರ ವಿಮ್‌ಟ್ಯೂಟರ್ ಮಾಡಿದೆ. ವಿಮ್ ಜೊತೆಗೇ ಬರುವ, ಅರ್ಧ ಗಂಟೆಯಲ್ಲಿ ಮುಗಿಯುವ ಪಾಠ ಅದು. ಆಜ್ಞೆಗಳ ಉದ್ದ ಪಟ್ಟಿಯನ್ನು ಬಾಯಿಪಾಠ ಮಾಡಬೇಕು ಅಂದುಕೊಂಡೇ ಶುರು ಮಾಡಿದ್ದೆ. ಅದರ ಅಗತ್ಯ ಬೀಳಲಿಲ್ಲ. ಡಿ ಅಂದರೆ ಅಳಿಸು, ಸಿ ಅಂದರೆ ಬದಲಿಸು, ವೈ ಅಂದರೆ ನಕಲು ತೆಗೆದುಕೋ. ಇವು ಕ್ರಿಯೆಗಳು. ಯಾವುದನ್ನು ಅಂತ ಆಮೇಲೆ ಹೇಳಬೇಕು. ಡಬ್ಲ್ಯು ಅಂದರೆ ಮುಂದಿನ ಪದದವರೆಗೆ, ಡಾಲರ್ ಚಿಹ್ನೆ ಅಂದರೆ ಸಾಲಿನ ಕೊನೆವರೆಗೆ, ಐ-ಪಿ ಅಂದರೆ ಇಡೀ ಪ್ಯಾರಾ. ಕ್ರಿಯೆ ಒಂದು ಹೊಸದಾಗಿ ಕಲಿತರೆ ಗೊತ್ತಿರುವ ಎಲ್ಲ ಜಾಗಗಳ ಜೊತೆಗೂ ಅದನ್ನು ಜೋಡಿಸಬಹುದು.

ನನಗೆ ತುಂಬಾ ಇಷ್ಟವಾದದ್ದು ಚುಕ್ಕಿ. ಚುಕ್ಕಿ ಒತ್ತಿದರೆ ಕೊನೆಗೆ ಮಾಡಿದ ತಿದ್ದುಪಡಿ ಕರ್ಸರ್ ಇರುವಲ್ಲಿ ಮತ್ತೆ ಆಗುತ್ತದೆ. ಒಂದು ಹಳೆ ಸರ್ವರಿನ ಹೆಸರು ಫೈಲಿನ ತುಂಬಾ ಇತ್ತು ಅಂದುಕೊಳ್ಳಿ. ಕೆಲವು ಕಡೆ ಬದಲಿಸಬೇಕು, ಕೆಲವು ಕಡೆ ಹಾಗೇ ಬಿಡಬೇಕು. ಆ ಹೆಸರನ್ನು ಹುಡುಕಿ, ಮೊದಲನೆಯದನ್ನು ಸಿ-ಡಬ್ಲ್ಯು ಒತ್ತಿ ಬದಲಿಸಿ, ಎಸ್ಕೇಪ್. ಆಮೇಲೆ ಎನ್ ಒತ್ತಿದರೆ ಮುಂದಿನದಕ್ಕೆ ಹೋಗುತ್ತದೆ. ಅಲ್ಲಿ ಕಣ್ಣು ಹಾಯಿಸಿ, ಬೇಕಾದರೆ ಚುಕ್ಕಿ, ಬೇಡವಾದರೆ ಮತ್ತೆ ಎನ್. ಒಟ್ಟಿಗೇ ಎಲ್ಲವನ್ನೂ ಬದಲಿಸುವ ಆಜ್ಞೆ ಇದೆ, ಆದರೆ ನನಗೆ ಈ ದಾರಿಯೇ ಹಿತ. ಪ್ರತಿ ಸಲವೂ ನೋಡಿ ತೀರ್ಮಾನ ಮಾಡುವವಳು ನಾನು, ಕೈಕೆಲಸ ಮಾತ್ರ ಎಡಿಟರಿನದು.

ಟೈಪ್ ಮಾಡುವುದು, ತಿದ್ದುವುದು ಇಲ್ಲಿ ಬೇರೆ ಬೇರೆ ಮೋಡ್ ಆಗಿರುವುದು ಮೊದಲು ಎಲ್ಲರಿಗೂ ಕಿರಿಕಿರಿ. ನನ್ನ ಕೆಲಸವನ್ನೇ ಗಮನಿಸಿ ನೋಡಿದೆ. ಹೊಸದಾಗಿ ಬರೆಯುವುದು ಸ್ವಲ್ಪ. ಬರೆದದ್ದನ್ನು ಓದುವುದು, ಅಳಿಸುವುದು, ಅಲ್ಲಿಂದ ಇಲ್ಲಿಗೆ ಸಾಗಿಸುವುದೇ ಜಾಸ್ತಿ. ಜಾಸ್ತಿ ಮಾಡುವ ಕೆಲಸಕ್ಕೆ ಇಡೀ ಕೀಬೋರ್ಡ್ ಬಿಟ್ಟುಕೊಟ್ಟಿರುವುದು ಸರಿಯಾಗಿಯೇ ಇದೆ.

ಇನ್ನೊಂದು ವಿಷಯ ಕನ್ನಡದವಳಾಗಿ ನನಗೆ ಹೊಳೆದದ್ದು. ವಿಮ್‌ನಲ್ಲಿ ಇಂಗ್ಲಿಷಿನ ಹಾಗೆ ಕ್ರಿಯೆ ಮೊದಲು. ನಾವು 'ಈ ಪದ ಅಳಿಸು' ಅನ್ನುತ್ತೇವೆ, ಕ್ರಿಯೆ ಕೊನೆಗೆ. ವಿ ಒತ್ತಿ ವಿಷುವಲ್ ಮೋಡಿಗೆ ಹೋದರೆ ನಮ್ಮ ಕ್ರಮ ಸಿಗುತ್ತದೆ. ಮೊದಲು ಪದವನ್ನು ಆಯ್ದುಕೋ, ಆಮೇಲೆ ಡಿ. ಕಕೂನ್, ಹೀಲಿಕ್ಸ್ ಎನ್ನುವ ಹೊಸ ಎಡಿಟರ್‌ಗಳು ಪೂರ್ತಿ ಈ ಕ್ರಮದಲ್ಲೇ ಕೆಲಸ ಮಾಡುತ್ತವೆ. ಏನು ಅಳಿಸಿಹೋಗುತ್ತದೆ ಎಂದು ಮೊದಲೇ ಕಣ್ಣಿಗೆ ಕಾಣುವುದರಿಂದ ಹೊಸಬರಿಗೆ ನಾನು ವಿಷುವಲ್ ಮೋಡನ್ನೇ ಮೊದಲು ಹೇಳಿಕೊಡುತ್ತೇನೆ.

ಕನ್ನಡ ಬರೆಯಲು ಹೊರಟಾಗ ಬೇರೆಯೇ ತೊಡಕು ಎದುರಾಯಿತು. ನಾನು ಬಳಸುವುದು ಕೆ. ಪಿ. ರಾಯರ ಕೀಲಿಮಣೆ ವಿನ್ಯಾಸ. ಒಂದು ಪ್ಯಾರಾ ಬರೆದು, ಎಸ್ಕೇಪ್ ಒತ್ತಿ, ಡಿ-ಡಬ್ಲ್ಯು ಒತ್ತಿದರೆ ವಿಮ್‌ಗೆ ಹೋಗಿ ತಲುಪುವುದು ದ ಮತ್ತು ಡ. ಅದಕ್ಕೆ ಏನೂ ಅರ್ಥವಾಗದೆ ಸುಮ್ಮನಿರುತ್ತದೆ. ಪ್ರತಿ ಸಲ ಇಂಗ್ಲಿಷಿಗೆ ಬದಲಿಸಿ, ಮತ್ತೆ ಕನ್ನಡಕ್ಕೆ ಬರುವುದಾದರೆ ವಿಮ್‌ನ ವೇಗವೆಲ್ಲ ಅಲ್ಲೇ ಸೋರಿಹೋಗುತ್ತದೆ. ಇದಕ್ಕೆ ಪರಿಹಾರ ವಿಮ್‌ನಲ್ಲೇ ಇದೆ. ಇನ್ಸರ್ಟ್ ಮೋಡಿಂದ, ಅಂದರೆ ಟೈಪ್ ಮಾಡುವ ಮೋಡಿಂದ, ಹೊರಗೆ ಬಂದ ತಕ್ಷಣ ಇಂಥ ಕೆಲಸ ಮಾಡು, ಒಳಗೆ ಹೋದಾಗ ಇಂಥದ್ದು ಮಾಡು ಎಂದು ಸೆಟ್ಟಿಂಗ್ಸ್ ಫೈಲಿನಲ್ಲಿ ಹೇಳಿಡಬಹುದು. ಹೊರಗೆ ಬಂದಾಗ ಐಬಸ್‌ಗೆ (ಲಿನಕ್ಸ್‌ನಲ್ಲಿ ಕೀಬೋರ್ಡಿನ ಭಾಷೆ ಬದಲಿಸುವ ಪ್ರೋಗ್ರಾಂ) ಇಂಗ್ಲಿಷ್ ಕೊಡು ಅಂತ ಒಂದು ಸಾಲು, ಒಳಗೆ ಹೋದಾಗ ಕನ್ನಡ ಕೊಡು ಅಂತ ಇನ್ನೊಂದು ಸಾಲು. ನಮ್ಮ ಸರ್ ಕನ್ನಡ ಟೈಪ್ ಮಾಡುವವರಲ್ಲ, ಹಾಗಾಗಿ ಇದನ್ನು ಅವರಿಗೆ ತೋರಿಸಿದ್ದು ನಾನೇ.

ಟರ್ಮಿನಲ್‌ನಲ್ಲಿ ಒತ್ತಕ್ಷರಗಳು ಇನ್ನೂ ಒಂದರ ಮೇಲೊಂದು ಬಿದ್ದು ಅಂದಗೆಡುತ್ತವೆ. ಅದಕ್ಕೇ ಉದ್ದ ಕನ್ನಡ ಬರಹಕ್ಕೆ ವಿಎಸ್ ಕೋಡ್ ಎನ್ನುವ ಬೇರೆ ಎಡಿಟರ್‌ನಲ್ಲಿ, ವಿಮ್ ಕೀಗಳೇ ಕೆಲಸ ಮಾಡುವ ಹಾಗೆ, ವಿಮ್ ಎಕ್ಸ್‌ಟೆನ್ಷನ್ ಹಾಕಿಕೊಂಡಿದ್ದೇನೆ. ಭಾಷೆ ತಾನಾಗಿ ಬದಲಾಗುವ ಸೆಟ್ಟಿಂಗ್ ಅದರಲ್ಲೂ ಇದೆ. ಕಾನ್ಫಿಗ್ ಫೈಲ್‌ಗಳಿಗೆ ಟರ್ಮಿನಲ್‌ನ ವಿಮ್ಮೇ ಸಾಕು. ಈಗ ಮ್ಯಾಕ್ರೋಗಳ, ಅಂದರೆ ಒತ್ತಿದ ಕೀಗಳನ್ನು ದಾಖಲಿಸಿಟ್ಟು ಮತ್ತೆ ನಡೆಸುವುದರ, ಅಭ್ಯಾಸ ನಡೆದಿದೆ.